ಕಾಫಿಯ ಕನ್ನಡಕವೂ ನಮ್ಮ ಸಿಪ್ಪೆಯೂ



ಕಾಫಿಯಿಂದ ಕನ್ನಡಕದ ಫ್ರೇಮು ಮಾಡುತ್ತಾರಂತೆ, ನಮ್ಮ ಕಾಫಿ ಸಿಪ್ಪೆಗೂ ಬೆಲೆ ಬಂದೀತೇ ಎಂದು ಕೆಲವರು ವಿಚಾರಿಸಿದ್ದಾರೆ. ಸುದ್ದಿಯೇನೋ ನಿಜ. ಯುಕ್ರೇನಿನ ಓಚಿಸ್ ಕಾಫಿ ಎಂಬ ಸಂಸ್ಥೆ ಅಂಥ ಫ್ರೇಮು ತಯಾರಿಸಿದೆ. ಆದರೆ ಅದಕ್ಕೆ ಹಾಕುವುದು ಕಾಫಿ ಸೋಸಿದ ಮೇಲೆ ಉಳಿಯುವ ಚರಟ. ಅದು ಸಿಗುವುದು ಪಟ್ಟಣದ ಹೋಟೆಲುಗಳಲ್ಲಿ, ನಮ್ಮ ಕಣದಲ್ಲಲ್ಲ.

ರೈತನ ಬೆಳೆಯೇ ನೇರವಾಗಿ ಈ ಉದ್ಯಮಕ್ಕೆ ಹೋಗುವುದು ಹರಳಿನ ವಿಷಯದಲ್ಲಿ. ಹರಳೆಣ್ಣೆಯಿಂದ ನೈಲಾನ್ 11 ಎಂಬ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಅದರಿಂದ ಫ್ರೇಮುಗಳನ್ನು ಎರಕ ಹೊಯ್ಯುತ್ತಾರೆ. ಸ್ವಿಟ್ಜರ್ಲೆಂಡಿನ ಸ್ವಾಚ್ ಸಂಸ್ಥೆ 2021ರಲ್ಲಿ ಹೊರತಂದ ಕೈಗಡಿಯಾರಗಳ ಕವಚದಲ್ಲಿ ಮೂರರಲ್ಲಿ ಎರಡು ಪಾಲು ಪಿಂಗಾಣಿ ಪುಡಿ, ಒಂದು ಪಾಲು ಹರಳೆಣ್ಣೆಯ ಪ್ಲಾಸ್ಟಿಕ್. ಜಗತ್ತಿನ ಹರಳಿನಲ್ಲಿ ಬಹುಪಾಲು ನಮ್ಮ ದೇಶದ್ದು, ಅದರಲ್ಲೂ ಗುಜರಾತಿನದು.

ಒಂದು ಮಾತು ನೆನಪಿರಲಿ. ಗಿಡದಿಂದ ಬಂದದ್ದೆಲ್ಲ ಮಣ್ಣಿನಲ್ಲಿ ಕೊಳೆಯುವುದಿಲ್ಲ. ನೈಲಾನ್ 11 ಕೂಡ ಕೊಳೆಯದು. ಹೆಚ್ಚು ವರ್ಷ ಬಾಳಿಕೆ ಬರುವುದೇ ಅದರ ಗುಣ.

ನಮ್ಮ ಸಿಪ್ಪೆಯಾದರೋ ಕೊಳೆತು ಗೊಬ್ಬರವಾಗುತ್ತದೆ, ಅದರಲ್ಲಿ ಪೊಟ್ಯಾಷ್ ಹೇರಳವಾಗಿದೆ. ಯಾರಾದರೂ ಕೊಳ್ಳಲು ಬಂದರೆ ಮೊದಲು ಆ ಲೆಕ್ಕ ಹಾಕಿರಿ. ಸಿಪ್ಪೆ ಮಾರಿ ಪೊಟ್ಯಾಷ್ ಮೂಟೆ ಕೊಂಡು ತಂದರೆ ಉಳಿಯುವುದೇನು?

— ಕಾರ್ಯದರ್ಶಿ