ಒಂದು ಗುಂಡಿ, ಸಾವಿರ ಮುಖ

ವೈಶಾಖದ ಲಗ್ನಗಳೆಲ್ಲ ಮುಗಿದು ಆಷಾಢ ಕಾಲಿಟ್ಟಿತೆಂದರೆ ಕಲ್ಯಾಣ ಮಂಟಪಗಳಿಗೆ ಬಿಡುವು. ಫೋಟೊ ಸ್ಟುಡಿಯೋಗಳ ಒಳಕೋಣೆಗೆ ಮಾತ್ರ ಬಿಡುವಿಲ್ಲ. ಮದುವೆ ಮನೆಗಳಿಂದ ಬಂದು ರಾಶಿ ಬಿದ್ದ ಚಿತ್ರಗಳನ್ನು ಆಲ್ಬಮ್ಮಿಗೆ ಸಿದ್ಧಗೊಳಿಸುವ ಕೆಲಸ ಜೋರಾಗುವುದೇ ಆಗ. ರೀಲು ಹಾಕುತ್ತಿದ್ದ ಕಾಲದಲ್ಲಿ 36 ಚಿತ್ರಕ್ಕೆ ಒಂದು ರೋಲು ಮುಗಿಯುತ್ತಿತ್ತು. ಛಾಯಾಗ್ರಾಹಕ ಲೆಕ್ಕ ಹಾಕಿ ಗುಂಡಿ ಒತ್ತುತ್ತಿದ್ದ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಆ ಲೆಕ್ಕ ತಪ್ಪಿಹೋಯಿತು. ನಾಂದಿಯಿಂದ ಹಿಡಿದು ಆರತಕ್ಷತೆಯವರೆಗೆ ಸಾವಿರದೈನೂರು ಚಿತ್ರಗಳಾಗುವುದು ಈಗ ದೊಡ್ಡ ಮಾತಲ್ಲ.

ಆ ಸಾವಿರದೈನೂರಕ್ಕೂ ಮಾಡಬೇಕಾದ ಉಪಚಾರ ಹೆಚ್ಚುಕಡಿಮೆ ಒಂದೇ. ಮಂಟಪದ ದೀಪಗಳ ಹಳದಿ ಛಾಯೆ ತೆಗೆಯಬೇಕು, ತುಸು ಬೆಳಕು ಏರಿಸಬೇಕು, ಆಲ್ಬಮ್ಮಿನ ಅಳತೆಗೆ ಇಳಿಸಬೇಕು, ಮಸುಕಾದ ಅಂಚುಗಳನ್ನು ಚುರುಕುಗೊಳಿಸಬೇಕು, ಬೇರೆ ಹೆಸರಿನಲ್ಲಿ ಉಳಿಸಬೇಕು. ಒಂದು ಚಿತ್ರಕ್ಕೆ ಒಂದೇ ನಿಮಿಷವೆಂದು ಹಿಡಿದರೂ ಒಟ್ಟು 25 ಗಂಟೆ. ಅದೇ ಐದು ಕೆಲಸವನ್ನು ಕಂಪ್ಯೂಟರ್ ತಾನೇ ಮಾಡಿ, ಚಿತ್ರವೊಂದಕ್ಕೆ ಮೂರು ಸೆಕೆಂಡು ತೆಗೆದುಕೊಂಡರೆ ಒಂದೂಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಗುಂಡಿ ಒತ್ತಿ ಊಟಕ್ಕೆ ಹೋಗಿ ಬರಬಹುದು!

ಇದಕ್ಕೆ ಬಳಕೆಯಾಗುವ ತಂತ್ರಾಂಶಗಳಲ್ಲಿ ಹೆಸರಾದದ್ದು ಫೋಟೊಶಾಪ್. ಅದು ಹುಟ್ಟಿದ್ದು ಅಮೆರಿಕದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಥಾಮಸ್ ನೋಲ್, 1987ರಲ್ಲಿ ಕಪ್ಪು ಬಿಳುಪಿನ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸಲೆಂದು ಸಣ್ಣದೊಂದು ಪ್ರೋಗ್ರಾಂ ಬರೆದ. ಸಿನಿಮಾಗಳ ವಿಶೇಷ ದೃಶ್ಯ ತಯಾರಿಸುವ ಸಂಸ್ಥೆಯಲ್ಲಿದ್ದ ತಮ್ಮ ಜಾನ್ ನೋಲ್ ಅದನ್ನು ಬೆಳೆಸಲು ಹುರಿದುಂಬಿಸಿದ. 1990ರ ಫೆಬ್ರುವರಿಯಲ್ಲಿ ಅಡೋಬಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಆದರೆ ಮಾಡಿದ್ದನ್ನೇ ಮಾಡುವ ಬೇಸರದಿಂದ ಬಿಡುಗಡೆ ಸಿಕ್ಕಿದ್ದು 1996ರ ನವೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ. ಅದರಲ್ಲಿ ‘ಆ್ಯಕ್ಷನ್’ ಎಂಬ ಹೊಸ ಸೌಲಭ್ಯವಿತ್ತು.

ಆ್ಯಕ್ಷನ್ ಎಂದರೆ ಟೇಪ್ ರೆಕಾರ್ಡರೇ ಸರಿ. ಅದರ ಗುರುತುಗಳೂ ಅವೇ: ದಾಖಲಿಸಲು ದುಂಡು ಚುಕ್ಕೆ, ನಿಲ್ಲಿಸಲು ಚೌಕ, ನುಡಿಸಲು ತ್ರಿಕೋನ. ದುಂಡು ಗುಂಡಿ ಒತ್ತಿ ಒಂದು ಚಿತ್ರವನ್ನು ತಿದ್ದುತ್ತ ಹೋದರೆ, ಯಾವ ಆಜ್ಞೆ ಕೊಟ್ಟಿರಿ, ಎಷ್ಟು ಪ್ರಮಾಣದಲ್ಲಿ ಕೊಟ್ಟಿರಿ ಎಂಬುದೆಲ್ಲ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಮತ್ತೊಂದು ಚಿತ್ರ ತೆರೆದು ತ್ರಿಕೋನ ಒತ್ತಿದರೆ ಅದೇ ಆಜ್ಞೆಗಳು ಅದೇ ಕ್ರಮದಲ್ಲಿ ನಡೆಯುತ್ತವೆ. ‘ಬ್ಯಾಚ್’ ಎಂಬ ಇನ್ನೊಂದು ಆಜ್ಞೆಗೆ ಒಂದು ಫೋಲ್ಡರ್ ತೋರಿಸಿದರೆ ಅದರೊಳಗಿನ ಚಿತ್ರಗಳೆಲ್ಲ ಒಂದಾದ ಮೇಲೊಂದು ಈ ಗಾಣಕ್ಕೆ ಬೀಳುತ್ತವೆ. ಕಿಂಬಾಲ್ ಮತ್ತು ಮ್ಯಾಟಿಸ್ ಎಂಬ ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ, ಕಾಸಿಲ್ಲದೆ ಸಿಗುವ ‘ಗಿಂಪ್’ನಲ್ಲೂ ಇಂಥ ಅನುಕೂಲವುಂಟು. ಅಲ್ಲಿ ಮಾತ್ರ ಆಜ್ಞೆಗಳನ್ನು ಬರೆದು ಕೊಡಬೇಕು.

ಗಮನಿಸಬೇಕಾದ ಸಂಗತಿಯೆಂದರೆ, ಯಂತ್ರ ದಾಖಲಿಸಿಕೊಳ್ಳುವುದು ಆಜ್ಞೆಯನ್ನಷ್ಟೇ. ಕೆಲಸಗಾರ ಹಾಗೆ ಏಕೆ ಮಾಡಿದ ಎಂಬುದು ಅದಕ್ಕೆ ಬೇಡ. ಕುಂಚದ ಉಪಕರಣ ಹಿಡಿದು ಕೈಯಾರೆ ತಿದ್ದಿದ ಗೆರೆಗಳು ಬಹುಕಾಲ ಆ್ಯಕ್ಷನ್ನಿನಲ್ಲಿ ದಾಖಲಾಗುತ್ತಲೇ ಇರಲಿಲ್ಲ. ಸರಕಾರಿ ಕಚೇರಿಗಳಲ್ಲಿ ‘ಮಕ್ಕಿಕಾಮಕ್ಕಿ’ ಎನ್ನುತ್ತಾರಲ್ಲ, ಅದೇ ಬಗೆ. ಮೂಲ ಕಾಗದದಲ್ಲಿ ನೊಣವೊಂದು ಅಂಟಿ ಸತ್ತಿದ್ದರೆ ನಕಲಿನಲ್ಲೂ ಒಂದು ನೊಣ ಹಿಡಿದು ಅಂಟಿಸುವ ನಿಷ್ಠೆ.

ಎಡವಟ್ಟುಗಳು ಹುಟ್ಟುವುದು ಇಲ್ಲಿಂದಲೇ. ಅಡ್ಡ ಚಿತ್ರದಲ್ಲಿ ದಾಖಲಿಸಿದ ಕತ್ತರಿ ಅಳತೆಯನ್ನು ಉದ್ದ ಚಿತ್ರದ ಮೇಲೆ ಓಡಿಸಿದರೆ ವರನ ತಲೆ ಹೋಗಬಹುದು. ಈಗಾಗಲೇ ಚುರುಕುಗೊಳಿಸಿದ ಚಿತ್ರ ಮತ್ತೊಮ್ಮೆ ಗಾಣಕ್ಕೆ ಬಿದ್ದರೆ ಕೂದಲಿನ ಸುತ್ತ ಬಿಳಿಯ ಅಂಚು ಕಟ್ಟುತ್ತದೆ. ಎಲ್ಲಕ್ಕಿಂತ ಅಪಾಯದ್ದು, ತಿದ್ದಿದ ಚಿತ್ರವನ್ನು ಮೂಲದ ಮೇಲೆಯೇ ಉಳಿಸುವ ಆಯ್ಕೆ. ಚಿಕ್ಕದಾಗಿಸಿದ ಚಿತ್ರ ಮೂಲವನ್ನು ನುಂಗಿದರೆ ಆ ವಿವರ ಮತ್ತೆ ಬರುವುದಿಲ್ಲ. ಧಾರೆ ಎರೆಯುವ ಕ್ಷಣವನ್ನು ಇನ್ನೊಮ್ಮೆ ಮಾಡಿಸಿ ಫೋಟೊ ತೆಗೆಯುವಂತೆಯೂ ಇಲ್ಲ. ಅನುಭವಸ್ಥರು ಮೊದಲು ಮೂಲದ ಪ್ರತಿ ತೆಗೆದಿಟ್ಟು, ಹತ್ತು ಚಿತ್ರಗಳ ಮೇಲೆ ಓಡಿಸಿ ನೋಡಿ, ಆಮೇಲೆ ಉಳಿದವನ್ನು ಬಿಡುತ್ತಾರೆ. 2007ರಲ್ಲಿ ಬಂದ ಲೈಟ್‌ರೂಮ್ ಎಂಬ ತಂತ್ರಾಂಶ ಮೂಲ ಚಿತ್ರವನ್ನು ಮುಟ್ಟದೆ ತಿದ್ದುಪಡಿಗಳ ಪಟ್ಟಿಯನ್ನಷ್ಟೇ ಬೇರೆಯಾಗಿ ಇಟ್ಟುಕೊಳ್ಳುವುದರಿಂದ ಈ ಭಯ ಸಾಕಷ್ಟು ಕಡಿಮೆಯಾಯಿತು.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ಕಾಣದೆ ಜಾರಿಹೋಗುವ ತಪ್ಪು ಬಣ್ಣದ್ದು. ಅದರ ಚರಿತ್ರೆ ಕಂಪ್ಯೂಟರಿಗಿಂತ ಹಳೆಯದು.

ಕಪ್ಪು ಬಿಳುಪಿನ ಕತ್ತಲ ಕೋಣೆಯಲ್ಲಿ ಪ್ರತಿ ಪ್ರತಿಯೂ ಕೈಕೆಲಸವೇ. ಎನ್‌ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಮುಖಕ್ಕೆ ಬೇಕಾದಷ್ಟೇ ಬೆಳಕು ಬೀಳಿಸುತ್ತಿದ್ದರು. ಫೋಟೊಶಾಪಿನ ಒಂದು ಉಪಕರಣಕ್ಕೆ ಇಂದಿಗೂ ಮಡಿಸಿದ ಕೈಯ ಗುರುತಿರುವುದು ಆ ನೆನಪಿಗೆ. ಬಣ್ಣದ ಫೋಟೊ ಜನಪ್ರಿಯವಾಗಿ ದಿನಕ್ಕೆ ಸಾವಿರಾರು ಪ್ರತಿ ತೆಗೆಯಬೇಕಾಗಿ ಬಂದಾಗ ಅಷ್ಟು ವ್ಯವಧಾನ ಯಾರಿಗಿತ್ತು? ಕೊಡಾಕ್ ಕಂಪನಿಯ ರಾಲ್ಫ್ ಇವಾನ್ಸ್ 1940ರ ದಶಕದಲ್ಲಿ ಒಂದು ಸೂತ್ರ ಕಂಡುಕೊಂಡರು. ಸಾಮಾನ್ಯ ದೃಶ್ಯವೊಂದರ ಬಣ್ಣಗಳನ್ನೆಲ್ಲ ಕಲಸಿದರೆ ಸರಾಸರಿ ಬೂದು ಬರುತ್ತದೆ. ಆದ್ದರಿಂದ ಯಂತ್ರ ಪ್ರತಿ ಚಿತ್ರದ ಸರಾಸರಿಯನ್ನೂ ಬೂದಿಗೆ ತಂದರೆ ಸಾಕು ಎಂಬುದು ಅದರ ಸಾರ. ತೋಟ, ಬೀದಿ, ಆಕಾಶ ಎಲ್ಲ ಇರುವ ಚಿತ್ರಕ್ಕೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಕೆಂಪು ರೇಷ್ಮೆ ಸೀರೆಯ ಮದುಮಗಳು ಚೌಕಟ್ಟು ತುಂಬಿ ನಿಂತಾಗ ಮಾತ್ರ ಯಂತ್ರಕ್ಕೆ ಕೆಂಪು ಅತಿಯಾಯಿತೆಂಬ ಭ್ರಮೆ. ಕೆಂಪನ್ನು ಇಳಿಸಲು ಹೋಗಿ ಮುಖಕ್ಕೆ ಹಸಿರು ನೀಲಿ ಬಳಿಯುತ್ತದೆ. ಅಂಥ ಕಡೆ ಕಲರ್ ಲ್ಯಾಬಿನ ಕೆಲಸಗಾರ ನೋಡಿ ಗುಂಡಿ ಒತ್ತಿ ಸರಿಪಡಿಸಬೇಕಿತ್ತು.

ಸರಿ ಎಂದರೆ ಯಾವುದು? ಅದಕ್ಕೂ ಕೊಡಾಕ್ 1950ರ ದಶಕದಿಂದ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಬಣ್ಣಬಣ್ಣದ ಉಡುಪು ತೊಟ್ಟ ಬಿಳಿಯ ಯುವತಿಯ ಚಿತ್ರವದು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಮುಂದೆ ಬೇರೆ ಯುವತಿಯರು ಬಂದರೂ ಹೆಸರು ಬದಲಾಗಲಿಲ್ಲ. ಆಕೆಯ ಮೈಬಣ್ಣ ಸರಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಉಳಿದದ್ದು ಕಾಣದಂತೆ ಅಚ್ಚಾಗುತ್ತಿದ್ದುದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೆನಡಾದ ಪ್ರಾಧ್ಯಾಪಕಿ ಲೋರ್ನಾ ರಾತ್ 2009ರಲ್ಲಿ ಈ ಕಥೆಯನ್ನು ವಿವರವಾಗಿ ಬರೆದರು. ಅವರ ಬರಹದಲ್ಲಿ ಒಂದು ಸ್ವಾರಸ್ಯವಿದೆ. ಕಂದು ಛಾಯೆಗಳು ಸರಿಯಾಗಿ ಮೂಡುತ್ತಿಲ್ಲವೆಂದು ಕಂಪನಿಯನ್ನು ಎಚ್ಚರಿಸಿದವರಲ್ಲಿ ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣ ಮಾರುವವರೂ ಇದ್ದರಂತೆ. ಮನುಷ್ಯರ ದೂರಿಗಿಂತ ಮೇಜು ಕುರ್ಚಿಯ ದೂರಿಗೆ ಬೆಲೆ ಹೆಚ್ಚೆಂದಾಯಿತು! ಹಲವು ಮೈಬಣ್ಣಗಳ ಮುಖವಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಆ್ಯಕ್ಷನ್ ಬಂದ ಮೇಲೆ ಪ್ರತಿ ಸ್ಟುಡಿಯೋದಲ್ಲೂ ಒಬ್ಬ ಶರ್ಲಿ ಹುಟ್ಟಿಕೊಂಡಳು. ಯಾವ ಚಿತ್ರವನ್ನು ಮುಂದಿಟ್ಟುಕೊಂಡು ದಾಖಲಿಸಿದರೋ ಅದೇ ಉಳಿದ ಸಾವಿರಕ್ಕೆ ಮಾದರಿ. ಸಾಮಾನ್ಯವಾಗಿ ಅದು ಮದುಮಗಳ ಚಿತ್ರ, ಅದೂ ಮೇಕಪ್ ಹಾಕಿದ ಮುಖ. ಆ ಮುಖಕ್ಕೆ ಒಪ್ಪುವ ಬೆಳಕು, ಆ ಚರ್ಮಕ್ಕೆ ಒಪ್ಪುವ ನುಣುಪು ಸೋದರಮಾವನಿಗೂ ಅಡುಗೆಯವರಿಗೂ ಓಲಗದವರಿಗೂ ಹಂಚಿಕೆಯಾಗುತ್ತದೆ. ಬಿಳಿಚುವಷ್ಟು ಬೆಳಕು ಏರಿಸುವ ಸಿದ್ಧ ಆ್ಯಕ್ಷನ್ನುಗಳು ಹಂಚಿಕೆಗೂ ಮಾರಾಟಕ್ಕೂ ಸಿಗುತ್ತವೆ. ಗಿರಾಕಿಗಳೇ ಬೆಳ್ಳಗೆ ಮಾಡಿಕೊಡಿ ಎನ್ನುವಾಗ ಸ್ಟುಡಿಯೋದವರನ್ನಷ್ಟೇ ದೂರಿ ಫಲವಿಲ್ಲ. ಆದರೆ ಕಪ್ಪಗಿರುವ ಕೈ ಬೂದಿ ಬಳಿದಂತೆ ಕಾಣುವುದು, ಜರಿಯ ಎಳೆ ಸುಣ್ಣದ ಗೆರೆಯಾಗುವುದು ಯಾರಿಗೂ ಬೇಕಾದದ್ದಲ್ಲ.

ಅರಿಶಿನ ಶಾಸ್ತ್ರದ ಚಿತ್ರಗಳನ್ನೇ ನೋಡಿ. ಮಂಟಪದ ಹಳದಿ ದೀಪದ ಛಾಯೆ ತೆಗೆಯಲೆಂದು ದಾಖಲಿಸಿದ ಆ್ಯಕ್ಷನ್ನಿಗೆ ದೀಪದ ಹಳದಿಯೂ ಒಂದೇ, ಕೆನ್ನೆಯ ಅರಿಶಿನವೂ ಒಂದೇ. ಎರಡನ್ನೂ ತೊಳೆದುಹಾಕುತ್ತದೆ. ಪ್ರತಿ ಚಿತ್ರವನ್ನೂ ತಾನೇ ಅಳೆದು ಬಣ್ಣ ಸರಿಪಡಿಸುವ ಸ್ವಯಂಚಾಲಿತ ಆಜ್ಞೆಯೂ ಇಲ್ಲಿ ಎಡವುವುದುಂಟು.

ಇದಕ್ಕೆ ಉಪಾಯವೊಂದನ್ನು ಆ್ಯಕ್ಷನ್ನಿನೊಳಗೇ ಇಟ್ಟಿದ್ದಾರೆ. ಆಜ್ಞೆಗಳ ಪಟ್ಟಿಯ ಎಡಗಡೆ, ಸರಿ ಗುರುತಿನ ಪಕ್ಕದಲ್ಲಿ, ಪುಟ್ಟದೊಂದು ಚೌಕವಿದೆ. ಅದನ್ನು ಒತ್ತಿಟ್ಟರೆ ಓಟದ ನಡುವೆ ಆ ಆಜ್ಞೆಯ ಬಳಿ ಯಂತ್ರ ನಿಲ್ಲುತ್ತದೆ. ಪ್ರಮಾಣ ಎಷ್ಟಿರಲಿ ಎಂದು ಕೇಳುತ್ತದೆ. ಉತ್ತರ ಕೊಡುವವರೆಗೆ ಮುಂದೆ ಹೋಗುವುದಿಲ್ಲ. ಅಳತೆ, ಹೆಸರು, ಉಳಿಕೆಗಳನ್ನು ಯಂತ್ರಕ್ಕೆ ಬಿಟ್ಟು ಬಣ್ಣ ಬೆಳಕಿನ ಎದುರು ಮಾತ್ರ ಈ ಚೌಕ ಒತ್ತಿಟ್ಟರೆ, ಪ್ರತಿ ಮುಖವನ್ನೂ ಯಾರಾದರೊಬ್ಬರು ನೋಡಿದಂತಾಗುತ್ತದೆ. ಹಾಗೆ ನಿಲ್ಲುವುದಾದರೆ ಊಟಕ್ಕೆ ಹೋಗುವಂತಿಲ್ಲ. ಚಿತ್ರಕ್ಕೆ ಹತ್ತು ಸೆಕೆಂಡು ನೋಡಿದರೂ ಸಾವಿರದೈನೂರಕ್ಕೆ ನಾಲ್ಕು ಗಂಟೆ ಮೀರುತ್ತದೆ. ಅದಕ್ಕಾಗಿ ಕೆಲವರು ನಡುದಾರಿ ಹಿಡಿಯುತ್ತಾರೆ. ಅರಿಶಿನದ್ದು, ಧಾರೆಯದ್ದು, ಊಟದ ಪಂಕ್ತಿಯದ್ದು, ಆರತಕ್ಷತೆಯದ್ದು ಎಂದು ಬೇರೆ ಬೇರೆ ಫೋಲ್ಡರ್ ಮಾಡಿ ಒಂದೊಂದಕ್ಕೂ ಒಂದೊಂದು ಆ್ಯಕ್ಷನ್ ಹೆಣೆಯುತ್ತಾರೆ. ನುಣುಪು ಮಾಡುವ ಆಜ್ಞೆಯನ್ನು ಹಿರಿಯರ ಚಿತ್ರಗಳಿಂದ ಕೈಬಿಡುತ್ತಾರೆ.

ಹಿರಿಯರ ಚಿತ್ರಕ್ಕೆ ಬೇರೆಯದೇ ಒಂದು ಕಾರಣವಿದೆ. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರು ಚೆನ್ನಾಗಿ ಉಟ್ಟು ಕ್ಯಾಮೆರಾದ ಎದುರು ಕೂರುವುದು ಮೊಮ್ಮಕ್ಕಳ ಮದುವೆಯಲ್ಲಿ ಮಾತ್ರ. ಮುಂದೆಂದೋ ಪತ್ರಿಕೆಯ ಶ್ರದ್ಧಾಂಜಲಿ ಅಂಕಣಕ್ಕೆ ಫೋಟೊ ಬೇಕಾದಾಗ, ಗೋಡೆಗೆ ಕಟ್ಟು ಹಾಕಿಸಬೇಕಾದಾಗ, ಮನೆಯವರು ಆಲ್ಬಮ್ ಹಿಡಿದು ಬರುವುದು ಅದೇ ಸ್ಟುಡಿಯೋಕ್ಕೆ. ಗುಂಪಿನಿಂದ ಆ ಒಂದು ಮುಖವನ್ನು ಬಿಡಿಸಿ ದೊಡ್ಡದು ಮಾಡಿಕೊಡಿ ಎನ್ನುತ್ತಾರೆ.