ಖಾನಾಪುರದ ಕಾಡಂಚಿನಲ್ಲಿ ಒಂದು ದಿನ

ಟ್ರಿನಿಡಾಡ್ ದ್ವೀಪದ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಕ್ರಿಕೆಟ್ಟಿನ ದಿನಗಳಲ್ಲಿ. ಆಫ್ರಿಕದಿಂದ ಹಿಡಿದೊಯ್ದ ಗುಲಾಮರ ಸಂತತಿಯೂ, 1845ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಹಡಗೇರಿದ ಭಾರತೀಯರ ಸಂತತಿಯೂ ಅಲ್ಲಿ ಒಂದೇ ನೆಲದಲ್ಲಿ ಬಾಳುತ್ತಿದ್ದಾರೆ. ಅಂಥ ಬೆರೆತ ಬದುಕನ್ನು ಕಾಣಲು ಸಮುದ್ರ ದಾಟಬೇಕಾಗಿಲ್ಲವೆಂಬುದು ನೆಹರು ನಗರದ ನಿವಾಸಿಗಳಾದ ನಮಗೆ ತಿಳಿದದ್ದು ತೀರ ತಡವಾಗಿ.

ಖಾನಾಪುರ ದಾಟಿ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿದು, ಹಳಿಯಾಳದ ದಿಕ್ಕಿಗೆ ಮುಂದುವರಿದೆವು. ಕಾಡಂಚಿನ ಊರೊಂದರಲ್ಲಿ ಗುಂಗುರು ಕೂದಲಿನ ತರುಣನನ್ನು ಕಂಡು, ಪರದೇಶದವನೆಂದೇ ಬಗೆದು, ನಮ್ಮ ಹರಕುಮುರುಕು ಹಿಂದಿಯಲ್ಲಿ ದಾರಿ ಕೇಳಿದೆವು. "ಹಿಂಗ ಸೀದಾ ಹೋಗ್ರಿ, ಕೆರಿ ದಂಡ್ಯಾಗ ಎಡಕ್ಕ ಹೊಳ್ರಿ" ಎಂದ ಆತ. ನಾವು ನಾಚಿದ್ದನ್ನು ಕಂಡು, "ಪ್ಯಾಟ್ಯಾಗೂ ಎಲ್ಲಾರೂ ಹಿಂಗ ಕೇಳ್ತಾರ್ರಿ" ಎಂದು ನಕ್ಕ. ಆ ನಗೆ ಇನ್ನೂ ನಮ್ಮನ್ನು ಚುಚ್ಚುತ್ತಿದೆ.

ಇವರು ಸಿದ್ದಿಗಳು. ಪೋರ್ತುಗೀಜರು ಪೂರ್ವ ಆಫ್ರಿಕದಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದರು. ಇಂದು ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಅನೇಕ ಮನೆಗಳಲ್ಲಿ ಮರಾಠಿ, ಕನ್ನಡ ಬೆರೆತ ಕೊಂಕಣಿ; ಮುಸಲ್ಮಾನರ ಮನೆಗಳಲ್ಲಿ ಉರ್ದು. ದಮಾಮಿ ಎಂಬ ವಾದ್ಯದ ಬಡಿತಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೌದಿ. ವೃದ್ಧ ತಾಯಿಯೊಬ್ಬರು "ಬರ್ರಿ, ಕುಂದರ್ರಿ" ಎಂದು ಅದನ್ನೇ ಹಾಸಿದರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುವುದು ಇವರ ಪದ್ಧತಿ. ನಾಲ್ಕೂ ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂಗಳು. ಹೂವಿಲ್ಲದ ಕೌದಿ ಬತ್ತಲೆಯಂತೆ! ಕ್ರೈಸ್ತರ ಕೌದಿಯಲ್ಲಿ ಶಿಲುಬೆಯೂ ಮೂಡುವುದುಂಟು, ಮುಸಲ್ಮಾನರದರಲ್ಲಿ ಅರ್ಧಚಂದ್ರ. ಹೊಲಿಗೆ ಮಾತ್ರ ಒಂದೇ. ನಮ್ಮ ಅಜ್ಜಿಯ ಕೌದಿಯನ್ನು ಹೊದ್ದು ಬೆಳೆದ ನಮಗೆ ಅದರ ಮೇಲೆ ಕುಳಿತಾಗ ಪರಸ್ಥಳವೆನಿಸಲಿಲ್ಲ.

ಒಂದು ವಿಷಯ ಮಾತ್ರ ಮನಸ್ಸಿಗೆ ಒಗ್ಗದು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿಯೇ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಜನ ಅವರೇ, ಕಾಡು ಅದೇ. ನಡುವೆ ಇದ್ದದ್ದು ಜಿಲ್ಲೆಯ ಗೆರೆ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಹೊರಡುವಾಗ ಆ ತಾಯಿ ನಮ್ಮ ಮನೆಯವರ ಕೈ ಹಿಡಿದು, "ಹಳೇ ಸೀರಿ ಇದ್ರ ಒಗೀಬ್ಯಾಡವಾ, ನನಗ ತಂದು ಕೊಡು" ಎಂದರು. ಇಳಕಲ್ಲಿನ ಎರಡು ಸೀರೆಗಳನ್ನು ಗಂಟು ಕಟ್ಟಿ ಇಟ್ಟಿದ್ದೇವೆ. ಮಳೆ ನಿಂತ ಮೇಲೆ ಹೋಗಬೇಕು.