ಬಡಿಸುವವನ ಬೆಲೆ

ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಒಂದು ತಂಡದ ಪರವಾಗಿ ಒಮ್ಮೆಗೆ ಆಡುವವರು ಐದೇ ಜನ. ಅವರಲ್ಲಿ ಒಬ್ಬನಿಗೆ ‘ಪಾಯಿಂಟ್ ಗಾರ್ಡ್’ ಎಂದು ಹೆಸರು. ಚೆಂಡನ್ನು ಎದುರಾಳಿಯ ಬುಟ್ಟಿಯ ಕಡೆಗೆ ತರುವವನು, ಯಾರು ಎಲ್ಲಿ ನಿಲ್ಲಬೇಕೆಂದು ಸನ್ನೆ ಮಾಡುವವನು, ಸರಿಯಾದ ಕ್ಷಣದಲ್ಲಿ ಸರಿಯಾದ ಕೈಗೆ ಚೆಂಡು ದಾಟಿಸುವವನು ಅವನೇ. ಆ ಚೆಂಡು ಬುಟ್ಟಿಗೆ ಬಿದ್ದರೆ ಅಂಕ ಹಾಕಿದವನದು. ಕೊಟ್ಟವನ ಲೆಕ್ಕಕ್ಕೆ ಒಂದು ‘ಅಸಿಸ್ಟ್’ ಮಾತ್ರ. ಪಂಕ್ತಿಯಲ್ಲಿ ಬಡಿಸುವವನ ಪಾಡು ಅದು. ಇಂಥವನನ್ನು ಕೋಟಿಗಟ್ಟಲೆ ಹಣ ಕೊಟ್ಟು ಹೊರಗಿನಿಂದ ಕರೆತರುವುದು ಜಾಣತನವೇ? ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಪ್ರತಿ ಬೇಸಿಗೆಯಲ್ಲೂ ಏಳುವ ಪ್ರಶ್ನೆ ಇದು.

ಆಟಗಾರ ತನಗೆ ಬೇಕಾದ ತಂಡ ಸೇರುವ ಸ್ವಾತಂತ್ರ್ಯ ಅಲ್ಲಿ ಸುಲಭವಾಗಿ ಬಂದದ್ದಲ್ಲ. ಒಂದು ಕಾಲಕ್ಕೆ ಕರಾರು ಮುಗಿದರೂ ಆಟಗಾರ ಹಳೆಯ ಮಾಲೀಕನ ಸೊತ್ತೇ ಆಗಿರುತ್ತಿದ್ದ. ಆಟಗಾರರ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಲೀಗಿನ ವಿರುದ್ಧ ಮೊಕದ್ದಮೆ ಹೂಡಿದ. ಅವನೂ ಒಬ್ಬ ಪಾಯಿಂಟ್ ಗಾರ್ಡ್. 1976ರಲ್ಲಿ ರಾಜಿಯಾಗಿ ಬಾಗಿಲು ಅರ್ಧ ತೆರೆಯಿತು. ಪೂರ್ತಿ ತೆರೆದದ್ದು 1988ರಲ್ಲಿ. ಯಾವ ನಿರ್ಬಂಧವೂ ಇಲ್ಲದ ‘ಫ್ರೀ ಏಜೆಂಟ್’ ಆಗಿ ಆ ವರ್ಷ ಮೊದಲು ತಂಡ ಬದಲಿಸಿದವನು ಟಾಮ್ ಚೇಂಬರ್ಸ್. ಸಿಯಾಟಲ್ ಬಿಟ್ಟು ಅವನು ಸೇರಿದ್ದು ಫೀನಿಕ್ಸ್ ಸನ್ಸ್ ತಂಡವನ್ನು. ಇಷ್ಟಾದರೂ ತಂಡಗಳು ಮನಬಂದಂತೆ ಖರ್ಚು ಮಾಡುವಂತಿಲ್ಲ. ಒಟ್ಟು ಸಂಬಳಕ್ಕೆ ಲೀಗು ಒಂದು ಮಿತಿ ಹಾಕುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕೊಡಲು ಉಳಿಯುವುದಿಲ್ಲ. ಆದ್ದರಿಂದಲೇ ಇಲ್ಲಿ ತಪ್ಪು ಆಯ್ಕೆ ಬಲು ದುಬಾರಿ.

ಅದೇ ಫೀನಿಕ್ಸ್ ತಂಡ 2004ರ ಬೇಸಿಗೆಯಲ್ಲಿ ಸ್ಟೀವ್ ನ್ಯಾಶ್‌ನನ್ನು ಕರೆತಂದ ಕತೆಯನ್ನು ಈ ಪ್ರಶ್ನೆಗೆ ಒರೆಗಲ್ಲಾಗಿ ಇಟ್ಟುಕೊಳ್ಳಬಹುದು. ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ನ್ಯಾಶ್ ಆಗ ಡಲ್ಲಾಸ್ ಮಾವೆರಿಕ್ಸ್ ತಂಡದಲ್ಲಿದ್ದ. ವಯಸ್ಸು 30. ಹಳೆಯ ಬೆನ್ನುನೋವು ಜತೆಗಿತ್ತು. ಫೀನಿಕ್ಸ್ ಆರು ವರ್ಷಕ್ಕೆ ಸುಮಾರು 6.5 ಕೋಟಿ ಡಾಲರ್ ಕೊಡಲು ಮುಂದಾಯಿತು. ಡಲ್ಲಾಸ್ ಮಾಲೀಕ ಮಾರ್ಕ್ ಕ್ಯೂಬನ್ ಕೊಡಲು ಒಪ್ಪಿದ ಹಣವೂ ಕಡಿಮೆ, ಅವಧಿಯೂ ಕಡಿಮೆ.

ಕ್ಯೂಬನ್ ಜಿಪುಣನಲ್ಲ. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ಮೀರಿ ಖರ್ಚು ಮಾಡಲು ನಿಯಮದಲ್ಲೂ ಅವಕಾಶವಿತ್ತು. ಅವನು ಅಳೆದದ್ದು ಆಟಗಾರನ ದೇಹವನ್ನು. ಚುರುಕು ಕಾಲುಗಳನ್ನೇ ನಂಬಿದ ಗಾರ್ಡ್‌ಗಳು ಮೂವತ್ತು ದಾಟಿದ ಮೇಲೆ ಇಳಿಯುವುದೇ ಸಾಮಾನ್ಯ. 36ನೆಯ ವಯಸ್ಸಿನವರೆಗೆ ಸಂಬಳ ಕಟ್ಟಿಕೊಡುವುದು ಅವನಿಗೆ ಜೂಜಾಗಿ ಕಂಡಿತು. ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೆ ಫೀನಿಕ್ಸ್ ಹಾಕಿದ ಲೆಕ್ಕ ಬೇರೆ. ಹಿಂದಿನ ಋತುವಿನ 82 ಪಂದ್ಯಗಳಲ್ಲಿ ಅದು ಗೆದ್ದದ್ದು 29 ಮಾತ್ರ. ಆ ಜನವರಿಯಲ್ಲೇ ತನ್ನ ಪಾಯಿಂಟ್ ಗಾರ್ಡ್ ಸ್ಟೀಫನ್ ಮಾರ್ಬರಿಯನ್ನು ನ್ಯೂಯಾರ್ಕ್‌ಗೆ ಕಳುಹಿಸಿ ದೊಡ್ಡ ಸಂಬಳದ ಹೊರೆ ಇಳಿಸಿಕೊಂಡಿತ್ತು. ಉಳಿದವರಲ್ಲಿ 21ರ ಅಮರೆ ಸ್ಟೌಡಮೈರ್, 23ರ ಜೋ ಜಾನ್ಸನ್, 26ರ ಶಾನ್ ಮೇರಿಯನ್ ಇದ್ದರು. ಎಲ್ಲರೂ ಓಡಬಲ್ಲವರು, ಬುಟ್ಟಿ ಹಾಕಬಲ್ಲವರು. ವೇಗದ ಆಟವನ್ನೇ ಬಯಸುವ ತರಬೇತುದಾರ ಮೈಕ್ ಡಿ’ಆಂಟೋನಿ ಇದ್ದ. ಎಲೆ ಹಾಕಿತ್ತು, ಉಣ್ಣುವವರು ಕುಳಿತಿದ್ದರು. ಬಡಿಸುವ ಕೈ ಮಾತ್ರ ಇರಲಿಲ್ಲ.

ಮುಂದಿನ ಋತುವಿನಲ್ಲಿ ಅದೇ ತಂಡ ಗೆದ್ದ ಪಂದ್ಯಗಳು 62. ಲೀಗಿನಲ್ಲೇ ಹೆಚ್ಚು, ಪಂದ್ಯಕ್ಕೆ ಸರಾಸರಿ 110 ಅಂಕ ಗಳಿಸಿತು. ನ್ಯಾಶ್ ತಾನು ಗಳಿಸಿದ್ದು 15.5 ಅಂಕ ಮಾತ್ರ, ಅಸಿಸ್ಟ್‌ಗಳು 11.5. ಸ್ಟೌಡಮೈರ್‌ನ ಸರಾಸರಿ ಸುಮಾರು 20ರಿಂದ 26ಕ್ಕೆ ಏರಿತು. ರಕ್ಷಣೆಗೆ ನಿಂತವನು ಚೆಂಡು ಹಿಡಿದವನ ಮೈಮೇಲೆ ಕೈಯಿಟ್ಟು ತಡೆಯುವುದನ್ನು ಅದೇ ಋತುವಿನಿಂದ ಲೀಗು ಬಿಗಿಯಾಗಿ ನಿಷೇಧಿಸಿದ್ದೂ ನ್ಯಾಶ್‌ಗೆ ನೆರವಾಯಿತೆನ್ನಿ. 2005 ಮತ್ತು 2006ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನದಾಯಿತು. 2005ರ ಪ್ಲೇಆಫ್‌ನಲ್ಲಿ ಫೀನಿಕ್ಸ್ ಸೋಲಿಸಿದ ತಂಡಗಳಲ್ಲಿ ಡಲ್ಲಾಸ್ ಕೂಡ ಒಂದು. ಕೈಕೊಡುತ್ತದೆ ಎಂದು ಭಯಪಟ್ಟಿದ್ದ ಬೆನ್ನು 2011ರಲ್ಲೂ, ಅವನ 37ನೆಯ ವಯಸ್ಸಿನಲ್ಲಿ, ಅಸಿಸ್ಟ್‌ಗಳಲ್ಲಿ ಲೀಗಿಗೇ ಅವನನ್ನು ಮೊದಲಿಗನಾಗಿ ಉಳಿಸಿತ್ತು.

ಇಲ್ಲಿ ಒಂದು ಆಕ್ಷೇಪ ಉಂಟು. ನ್ಯಾಶ್ ಇದ್ದ ಫೀನಿಕ್ಸ್ ಒಮ್ಮೆಯೂ ಅಂತಿಮ ಸರಣಿ ತಲುಪಲಿಲ್ಲ. 2005, 2006, 2010ರಲ್ಲಿ ಹೊಸ್ತಿಲಲ್ಲೇ ಎಡವಿತು. ಅವನನ್ನು ಬಿಟ್ಟ ಡಲ್ಲಾಸ್ 2006ರಲ್ಲಿ ಅದೇ ಫೀನಿಕ್ಸನ್ನು ಸೋಲಿಸಿ ಫೈನಲ್ಸ್ ತಲುಪಿತು; 2011ರಲ್ಲಿ ಚಾಂಪಿಯನ್ ಆಯಿತು. ಹಾಗಾದರೆ ಕ್ಯೂಬನ್ ಹೇಳಿದ್ದೇ ಸರಿಯೇ? ಸ್ವಾರಸ್ಯವೆಂದರೆ, ಆ ಚಾಂಪಿಯನ್ ತಂಡದ ಪಾಯಿಂಟ್ ಗಾರ್ಡ್ ಜೇಸನ್ ಕಿಡ್‌ಗೆ ಆಗ 38 ವರ್ಷ. ಮುದಿ ಗಾರ್ಡ್ ಬೇಡವೆಂದ ಮನೆಗೆ ಕಿರೀಟ ಬಂದದ್ದು ಇನ್ನೂ ಮುದಿಯಾದ ಗಾರ್ಡ್ ಜತೆಯಲ್ಲಿ! ಕಿಡ್ ಸುತ್ತ ಡರ್ಕ್ ನೊವಿಟ್ಸ್‌ಕಿಯಂಥ ಗುರಿಗಾರರಿದ್ದರು ಎಂಬುದೇ ಅದರ ಗುಟ್ಟು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನ್ಯಾಶ್‌ನದೇ. 2012ರಲ್ಲಿ, 38ನೆಯ ವಯಸ್ಸಿನಲ್ಲಿ, ಮೂರು ವರ್ಷದ ಕರಾರಿನ ಮೇಲೆ ಅವನು ಲಾಸ್ ಏಂಜಲೀಸ್ ಲೇಕರ್ಸ್ ಸೇರಿದ. ಅಲ್ಲಿ ಚೆಂಡು ತನ್ನ ಕೈಯಲ್ಲೇ ಇರಬೇಕೆನ್ನುವ ಕೋಬಿ ಬ್ರಯಂಟ್ ಇದ್ದ. ಓಟದ ಆಟಕ್ಕೆ ಒಗ್ಗುವ ಎಳೆಯರು ವಿರಳ. ಎರಡನೆಯ ಪಂದ್ಯದಲ್ಲೇ ನ್ಯಾಶ್‌ನ ಕಾಲಿನ ಮೂಳೆ ಮುರಿಯಿತು. ಮೂರು ಋತುಗಳಲ್ಲಿ ಅವನು ಆಡಿದ್ದು 65 ಪಂದ್ಯ. ಕ್ಯೂಬನ್‌ನ ಭಯ ನಿಜವಾಯಿತು, ಎಂಟು ವರ್ಷ ತಡವಾಗಿ.

ಪಾಯಿಂಟ್ ಗಾರ್ಡ್ ಒಬ್ಬನನ್ನು ತಂಡ ಸೇರಿಸಿಕೊಂಡ ಸುದ್ದಿ ಬಂದಾಗ ನಾವು ಅವನ ವಯಸ್ಸು, ಸಂಬಳ, ಹಿಂದಿನ ಅಂಕಪಟ್ಟಿ ನೋಡುತ್ತೇವೆ. ನೋಡಬೇಕಾದದ್ದೇ. ಆದರೆ ಅದಕ್ಕೂ ಮೊದಲು ಅವನು ಚೆಂಡು ಕೊಡುವುದು ಯಾರಿಗೆ ಎಂದು ಕೇಳಬೇಕು. ಉತ್ತರದಲ್ಲಿ ಎರಡು ಮೂರು ಒಳ್ಳೆಯ ಹೆಸರುಗಳಿದ್ದರೆ ತುಸು ದುಬಾರಿ ಕರಾರೂ ಲಾಭವೇ. ಹೆಸರುಗಳೇ ಇಲ್ಲದಿದ್ದರೆ, ಅಗ್ಗಕ್ಕೆ ಸಿಕ್ಕವನೂ ನಷ್ಟವೇ.